ಆ ಕಡೆ ಏಳು, ಈ ಕಡೆ ನಾಲ್ಕು: ಮಾರ್ಟಿನ್ ಶ್ಕೃಟೆಲ್ ಒಳ್ಳೆ ಡಿಫೆಂಡರ್ ಹೌದೋ ಅಲ್ಲವೋ?

ಹಿಂದಿನ_ಸಾಲು
ವಾಟ್ಸಾಪ್ ಗುಂಪಲ್ಲಿ ಶುರುವಾದ ಜಗಳ ಇದು. ಗುಡ್ ಮಾರ್ನಿಂಗ್ ಹೂವುಗಳ ಮಧ್ಯೆ ಕಳೆದುಹೋಗುತ್ತೆ ಅಂತ ಇಲ್ಲಿಗೆ ತಂದಿದ್ದೀನಿ. ಗೆಳೆಯನೊಬ್ಬ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲಿವರ್‌ಪೂಲ್‌ಗೆ ಆಡಿದ ಅತಿ ಕೆಟ್ಟ ಡಿಫೆಂಡರ್‌ಗಳು ಅಂತ ಒಂದು ಪಟ್ಟಿ ಕಳಿಸಿದ. ಮೂರನೇ ಹೆಸರು ಸ್ಲೊವಾಕಿಯಾದ ಮಾರ್ಟಿನ್ ಶ್ಕೃಟೆಲ್. ಕಾರಣ ಒಂದೇ ಸಾಲು: 2013-14ರ ಸೀಸನ್‌ನಲ್ಲಿ ನಾಲ್ಕು ಓನ್ ಗೋಲ್, ಅಂದ್ರೆ ತನ್ನದೇ ತಂಡದ ಬಲೆಗೆ ಹೋದ ಗೋಲ್.

ಲೆಕ್ಕ ಸರಿ. ಹಲ್, ವೆಸ್ಟ್ ಹ್ಯಾಮ್, ಸ್ವಾನ್ಸಿ, ಕೊನೇ ದಿನ ನ್ಯೂಕಾಸಲ್ ವಿರುದ್ಧ. ಒಂದೇ ಪ್ರೀಮಿಯರ್ ಲೀಗ್ ಸೀಸನ್‌ನಲ್ಲಿ ನಾಲ್ಕು ಅಂದ್ರೆ ಅವತ್ತಿಗೆ ದಾಖಲೆ. ಆದರೆ ಅದೇ ಸೀಸನ್‌ನಲ್ಲಿ ಎದುರಾಳಿ ಬಲೆಗೆ ಏಳು ಹೊಡೆದಿದ್ದಾನಲ್ಲ, ಅದನ್ನ ಯಾಕೆ ಯಾರೂ ಬರೆಯಲ್ಲ? 2008ರ ಜನವರಿಯಿಂದ 2016ರ ಬೇಸಿಗೆವರೆಗೆ ಎಂಟೂವರೆ ವರ್ಷ, 320 ಪಂದ್ಯ. ಬೆನಿಟೆಜ್, ಹಾಜ್ಸನ್, ಡಾಲ್ಗ್ಲಿಷ್, ರಾಜರ್ಸ್, ಕ್ಲಾಪ್. ಐದು ಮ್ಯಾನೇಜರ್‌ಗಳು ಬಂದ್ರು. ಐದೂ ಜನಕ್ಕೆ ಕಣ್ಣಿರಲಿಲ್ವಾ?

ಅಕ್ಷರ_ಜ್ವರ
ಜಗಳಕ್ಕೆ ಮುಂಚೆ ಒಂದು ಮಾತು. ಹೆಸರನ್ನ ಶ್ಕೃಟೆಲ್ ಅಂತ ಬರೆದದ್ದಕ್ಕೆ ನಮಸ್ಕಾರ. ಇಂಗ್ಲಿಷ್ ಕಾಮೆಂಟೇಟರ್‌ಗಳು ಸ್ಕರ್ಟೆಲ್ ಅಂತ ಲಂಗ ಉಡಿಸಿಬಿಟ್ಟಿದ್ರು. ಸ್ಲೊವಾಕ್ ಭಾಷೆಯಲ್ಲಿ ರ್ ಒಂಟಿಯಾಗಿ ಸ್ವರದ ಕೆಲಸ ಮಾಡುತ್ತೆ, ಥೇಟ್ ನಮ್ಮ ಋ. ತೋಳಕ್ಕೆ ಅವರಲ್ಲಿ ವ್ಲ್ಕ್ ಅಂತಾರೆ, ಅಲ್ಲಿ ಲ್ ಸ್ವರ. ಎರಡಕ್ಕೂ ದೀರ್ಘ ರೂಪ ಬೇರೆ ಇದೆ. ನಾವು ಋ ಮಾತ್ರ ಇಟ್ಟುಕೊಂಡು ೠ, ಌ, ೡ ಅಕ್ಷರಗಳನ್ನ ವರ್ಣಮಾಲೆಯಿಂದ ಮನೆಗೆ ಕಳಿಸಿದೆವು. ಅವರು ನಾಲ್ಕನ್ನೂ ದಿನಾ ಬಳಸ್ತಾರೆ. ಈ ಮನುಷ್ಯ ವೃತ್ತಿಪರನಾಗಿ ಕೊನೆಗೆ ಆಡಿದ ಕ್ಲಬ್ಬಿನ ಊರು ಕೂಡ ಟೃನಾವಾ!

ಗನ್ನರ್_ಗೌಡ
ನಮಗೆ ಋ ಬರೆಯೋಕೆ ಬರುತ್ತೆ, ಹೇಳೋಕೆ ಎಲ್ಲಿ ಬರುತ್ತೆ ಸ್ವಾಮಿ. ಕೃಷ್ಣನನ್ನ ಕ್ರುಷ್ಣ ಅಂತೀವಿ.

ವಿಷಯಕ್ಕೆ ಬರ್ತೀನಿ. ನಾನು ಆರ್ಸೆನಲ್ ಅಭಿಮಾನಿ. 2014ರ ಫೆಬ್ರವರಿ 8, ಶನಿವಾರ. ನಮಗೆ ಸಂಜೆ ಆರೂಕಾಲಿಗೆ ಲಿವರ್‌ಪೂಲ್ ಜೊತೆ ಪಂದ್ಯ. ನಾವು ಲೀಗ್‌ನಲ್ಲಿ ಮೊದಲನೇ ಸ್ಥಾನದಲ್ಲಿ ಕೂತಿದ್ವಿ. ಒಂದು ಕೈಲಿ ಕಾಫಿ, ಒಂದು ಕೈಲಿ ರಿಮೋಟ್. ಸೋಫಾದಲ್ಲಿ ಕೂರೋಕೆ ಮುಂಚೆನೇ ಗೋಲ್. ಮೊದಲನೇ ನಿಮಿಷ, ಜೆರಾರ್ಡ್ ಫ್ರೀ ಕಿಕ್, ಈ ಬೋಳುತಲೆ ಶ್ಕೃಟೆಲ್. ಒಬ್ಬನೂ ಅವನ ಹತ್ತಿರ ಇಲ್ಲ. ಹತ್ತನೇ ನಿಮಿಷ, ಜೆರಾರ್ಡ್ ಕಾರ್ನರ್, ಮತ್ತೆ ಅದೇ ತಲೆ. ಇಪ್ಪತ್ತು ನಿಮಿಷಕ್ಕೆ 4-0, ಮುಗಿದಾಗ 5-1. ಕಾಫಿ ಹಾಗೇ ಆರಿಹೋಗಿತ್ತು. ಅವನು ಕೆಟ್ಟ ಡಿಫೆಂಡರ್ ಇರಬಹುದು, ಅವತ್ತು ಅವನನ್ನ ಹಿಡಿಯಬೇಕಾಗಿದ್ದ ನಮ್ಮ ಡಿಫೆಂಡರ್‌ಗಳು ಏನು ಹಾಗಾದ್ರೆ?

ನೀಲಿ_ಅಂಗಿ
ಗೋಲ್ ಹೊಡೆದದ್ದಕ್ಕೆ ಡಿಫೆಂಡರ್‌ಗೆ ಮಾರ್ಕ್ಸ್ ಕೊಡೋದು, ಅಡುಗೆ ಭಟ್ಟರಿಗೆ ಚೆನ್ನಾಗಿ ಹಾಡ್ತಾರೆ ಅಂತ ಸಂಬಳ ಕೊಟ್ಟ ಹಾಗೆ. ಅವನ ಕೆಲಸ ಗೋಲ್ ತಡೆಯೋದು. ಆ ಸೀಸನ್‌ನಲ್ಲಿ ಲಿವರ್‌ಪೂಲ್ 101 ಗೋಲ್ ಹೊಡೀತು, 50 ಬಿಟ್ಟುಕೊಡ್ತು. ಗೆದ್ದ ಮ್ಯಾಂಚೆಸ್ಟರ್ ಸಿಟಿಗೆ 86 ಪಾಯಿಂಟ್, ಇವರಿಗೆ 84. ಸೋತದ್ದು ಹಿಂದಿನ ಸಾಲಿನಿಂದಲೇ. ಮೇ 5ರಂದು ಕ್ರಿಸ್ಟಲ್ ಪ್ಯಾಲೇಸ್ ಹತ್ರ 3-0 ಮುಂದಿದ್ದು, ಹನ್ನೊಂದೇ ನಿಮಿಷ ಬಾಕಿ ಇರುವಾಗ 3-3 ಮಾಡಿಕೊಂಡ್ರಲ್ಲ, ನಡುವೆ ನಿಂತಿದ್ದವರು ಯಾರು? ಶ್ಕೃಟೆಲ್ ಮತ್ತು ಸಾಖೊ.

ಹಿಂದಿನ_ಸಾಲು
ಪ್ಯಾಲೇಸ್ ಪಂದ್ಯ ಒಪ್ಪಿದೆ. ಅದನ್ನ ಇವತ್ತಿಗೂ ಪೂರ್ತಿ ನೋಡೋಕೆ ಆಗಿಲ್ಲ ನನಗೆ. ಆದರೆ 3-0 ಆದಮೇಲೆ ಗೋಲ್ ಡಿಫರೆನ್ಸ್‌ಗೋಸ್ಕರ ಇನ್ನಷ್ಟು ಹೊಡೆಯೋಕೆ ಇಡೀ ತಂಡ ಮುಂದೆ ನುಗ್ಗಿತ್ತು. ಮನೆಯವರೆಲ್ಲ ಜಾತ್ರೆಗೆ ಹೋಗಿ, ಕಳ್ಳ ಬಂದ ಅಂತ ಕಾವಲು ನಾಯಿಗೆ ಬೈದ ಹಾಗಾಯ್ತು.

ಧಾರವಾಡ_ಫೇಡೆ
ಅಲ್ರೀ, ಓನ್ ಗೋಲ್ ಹೆಂಗ ಆಗತೈತಿ ಅಂತ ಮೊದ್ಲ ನೋಡ್ರಿ. ನಾ ಕಾಲೇಜ್ ಟೀಮಿನ್ಯಾಗ ಸ್ಟಾಪರ್, ಅಂದ್ರ ನಡುವಿನ ಡಿಫೆಂಡರ್, ಆಡಿದಾಂವ. ಬಾಲ್ ಗೋಲಿನ ಮುಂದ ಬರಾಕತ್ತೈತಿ ಅಂದ್ರ ಎರಡ ದಾರಿ. ಒಂದ, ಓಡಿ ಹೋಗಿ ಅದರ ಮುಂದ ನಿಂದರೂದು. ಇನ್ನೊಂದ, ಒಂದ ಹೆಜ್ಜಿ ತಡಾ ಮಾಡಿ, ಕೈ ಮ್ಯಾಲೆತ್ತಿ, ಗೋಲ್‌ಕೀಪರನ ಕಡೆ ನೋಡೂದು. ಎರಡನೇದಂವನ ಹೆಸರ್ಲೆ ಓನ್ ಗೋಲ್ ಎಂದೂ ಬರಂಗಿಲ್ಲ. ಪೇಪರ್‌ನ್ಯಾಗ ಅಂವಾ ಸ್ವಚ್ಛ ಇರ್ತಾನ.

ಹಲ್ ಮ್ಯಾಚಿನ್ಯಾಗ ಹಡಲ್‌ಸ್ಟೋನ್ ಹೊಡದ ಬಾಲ್ ಇವನಿಗೆ ಬಡದ ಒಳಗ ಹೋತು. ಇಂವಾ ಅಲ್ಲಿ ಇರಲಿಲ್ಲಂದ್ರ ಇವನ ಹೆಸರ ಬರ್ತಿರಲಿಲ್ಲ, ಖರೆ. ಅಲ್ಲೇ ಇರೂದ ಅವನ ಕೆಲಸಲ್ರೀ?

ಕಡಲ_ಗೋಲಿ
ಮಾರಾಯ್ರೆ, ಅವನ ನಿಜವಾದ ತಪ್ಪು ಯಾರೂ ಹೇಳುದಿಲ್ಲ. ಓನ್ ಗೋಲ್ ಅಲ್ಲ. ಅಂಗಿ! ಕಾರ್ನರ್ ಬಂತು ಅಂದ್ರೆ ಇವನ ಎರಡು ಕೈಯೂ ಎದುರಿನವನ ಅಂಗಿಯಲ್ಲಿ. ಚೆಂಡು ಎಲ್ಲಿದೆ ಅಂತ ನೋಡುದೇ ಇಲ್ಲ, ಎದುರಿನವನ ಕಣ್ಣು ನೋಡ್ತಾ ತಬ್ಬಿ ಹಿಡ್ಕೊಳ್ಳುದು. ಆ ಸೀಸನ್ ಇಡೀ ಟೀವಿಯವರು ಅದನ್ನೇ ನಿಧಾನ ಮಾಡಿ ಮಾಡಿ ತೋರಿಸಿದ್ದು. ಏಪ್ರಿಲ್ 13ಕ್ಕೆ ಸಿಟಿ ಎದುರು 3-2 ಗೆದ್ದ ಪಂದ್ಯದಲ್ಲಿ ಒಂದು ಹೆಡರ್ ಗೋಲ್ ಹೊಡೆದ, ಕೊನೆಗೆ ಬಾಕ್ಸ್ ಒಳಗೆ ಚೆಂಡಿಗೆ ಕೈಯೂ ಹಾಕಿದ. ರೆಫ್ರಿ ಕೊಡ್ಲಿಲ್ಲ. ಈಗಿನ ವಿಎಆರ್, ಅಂದ್ರೆ ವೀಡಿಯೋ ರೆಫ್ರಿ, ಇದ್ದಿದ್ರೆ ಪೆನಾಲ್ಟಿ, ಮತ್ತೆ ಎಂತ ಮಾತು.

ಅಕ್ಷರ_ಜ್ವರ
ಇದನ್ನ ಹೇಳದೆ ಇರೋಕಾಗ್ತಿಲ್ಲ: ಸ್ಲೊವಾಕ್‌ನಲ್ಲಿ ಶ್ಕೃಟಿಟ್ ಅಂತೊಂದು ಕ್ರಿಯಾಪದ ಇದೆ. ಅರ್ಥ, ಕತ್ತು ಹಿಸುಕು. ಮನೆತನದ ಹೆಸರಿಗೂ ಅದಕ್ಕೂ ನಂಟು ಕಟ್ಟೋಕೆ ಹೋಗಲ್ಲ. ಹಾಗೇ ಇಟ್ಟಿರ್ತೀನಿ ಇಲ್ಲಿ.

ಕಡಲ_ಗೋಲಿ
😂😂 ಸಾಕು, ಇನ್ನು ನನ್ನ ವಾದಕ್ಕೆ ಬೇರೆ ಸಾಕ್ಷಿ ಬೇಡ.

ಕಾಪ್_ಕಟ್ಟೆ
2008ರಿಂದ ನೋಡಿದವನು ನಾನು, ಸ್ವಲ್ಪ ಹಿಂದಿನಿಂದ ಹೇಳ್ತೀನಿ.

ಹುಟ್ಟಿದ್ದು 1984ರ ಡಿಸೆಂಬರ್ 15, ಹಾಂಡ್ಲೊವಾದಲ್ಲಿ. ಆಗಿನ್ನೂ ಚೆಕೊಸ್ಲೊವಾಕಿಯಾ. ಕಲ್ಲಿದ್ದಲು ಗಣಿಯ ಊರು ಅದು. 2009ರ ಆಗಸ್ಟ್‌ನಲ್ಲಿ ಅಲ್ಲಿನ ಗಣಿ ಸ್ಫೋಟದಲ್ಲಿ 20 ಜನ ಸತ್ತಾಗ ನಾನು ಆ ಊರಿನ ಹೆಸರನ್ನ ಎರಡನೇ ಸಲ ಕೇಳಿದ್ದು. ಮೊದಲನೇ ಸಲ ಕೇಳಿದ್ದು ಇವನಿಂದ. ಅಲ್ಲಿಂದ ಪ್ರಿಯೆವಿಡ್ಜಾ, ಆಮೇಲೆ ಟ್ರೆನ್ಚೀನ್. ಟ್ರೆನ್ಚೀನ್ ಅಂದ್ರೆ ಐಸ್ ಹಾಕಿಯ ತವರು, ಆರಡಿ ಒಂಬತ್ತಿಂಚಿನ ಜ್ಡೆನೊ ಖಾರಾ ಹುಟ್ಟಿದ ಊರು. 2002ರಲ್ಲಿ ಹಾಕಿ ವಿಶ್ವ ಚಾಂಪಿಯನ್ ಆದ ದೇಶ ಅದು. ಮೈಗೆ ಮೈ ಕೊಟ್ಟು ಗುದ್ದೋದು ಅಲ್ಲಿ ತಪ್ಪಲ್ಲ, ಅರ್ಧ ಆಟವೇ ಅದು. ಇವನು ಪೆನಾಲ್ಟಿ ಬಾಕ್ಸ್‌ನಲ್ಲಿ ನಿಲ್ಲೋ ಭಂಗಿ ನೋಡಿದಾಗೆಲ್ಲ ಕೈಲಿ ಸ್ಟಿಕ್ ಒಂದು ಕಮ್ಮಿ ಅನ್ನಿಸೋದು ನನಗೆ.

2004ರಲ್ಲಿ ಜೆನಿತ್ ಸೇಂಟ್ ಪೀಟರ್ಸ್‌ಬರ್ಗ್. ಕೋಚ್ ಅಡ್ವೊಕಾಟ್ ಕೈಕೆಳಗೆ 2007ರ ರಷ್ಯನ್ ಲೀಗ್ ಗೆದ್ದ. 2008ರ ಜನವರಿಯಲ್ಲಿ ಬೆನಿಟೆಜ್ ಸುಮಾರು 65 ಲಕ್ಷ ಪೌಂಡ್ ಕೊಟ್ಟು ಕರೆತಂದ. ಮೇ ತಿಂಗಳಲ್ಲಿ ಜೆನಿತ್ ಯುಇಎಫ್‌ಎ ಕಪ್ ಗೆಲ್ತು, ಇವನು ಬಿಟ್ಟು ಬಂದು ನಾಲ್ಕೇ ತಿಂಗಳಿಗೆ. ಇವನ ಹಣೆಬರಹವೇ ಹಾಗೆ.

ಲಿವರ್‌ಪೂಲ್‌ನಲ್ಲಿ ಶುರುವಾದದ್ದೂ ಹಾಗೇ. ಎಫ್‌ಎ ಕಪ್‌ನಲ್ಲಿ ಆ್ಯನ್‌ಫೀಲ್ಡ್‌ಗೆ ಹ್ಯಾವಂಟ್ ಅಂಡ್ ವಾಟರ್‌ಲೂವಿಲ್ ಬಂದಿತ್ತು. ಆರನೇ ದರ್ಜೆಯ ತಂಡ, ದಿನಗೂಲಿ ಮಾಡಿಕೊಂಡು ಸಂಜೆ ಚೆಂಡು ಒದೆಯೋ ಹುಡುಗರು. ಅವರು ಎರಡು ಸಲ ಮುಂದೆ ಹೋದ್ರು! ಎರಡನೇ ಸಲ ಪಾಟರ್ ಹೊಡೆದ ಚೆಂಡು ನಮ್ಮ ಹೊಸ ಸ್ಲೊವಾಕ್‌ಗೆ ತಾಗಿ ದಿಕ್ಕು ತಪ್ಪಿ ಒಳಗೆ. ಕೊನೆಗೆ 5-2 ಗೆದ್ವಿ, ಬೆನಯೂನ್ ಹ್ಯಾಟ್ರಿಕ್. ಆದರೆ ಅವತ್ತೇ ಕಟ್ಟೆ ಮೇಲೆ ಕೂತವರೆಲ್ಲ ತೀರ್ಪು ಬರೆದುಬಿಟ್ಟಿದ್ರು: ಇವನು ನಡೆಯಲ್ಲ.

ಮಳೆಗಾಲದ_ಮೈದಾನ
ನಡೆದದ್ದೇ ಅಲ್ಲ, 2010-11ರಲ್ಲಿ ಲೀಗ್‌ನ 38 ಪಂದ್ಯದಲ್ಲೂ ಒಂದು ನಿಮಿಷ ಬಿಡದೆ ಆಡಿದ. ಹಾಜ್ಸನ್ ಕಾಲದ ಆ ದರಿದ್ರ ಅರ್ಧ, ಡಾಲ್ಗ್ಲಿಷ್ ಬಂದಮೇಲಿನ ಅರ್ಧ, ಎರಡೂ. ಮಾರನೇ ವರ್ಷ ಕ್ಲಬ್ಬಿನ ವರ್ಷದ ಆಟಗಾರ. ಆ್ಯಗರ್ ಪಕ್ಕ ಇದ್ರೆ ಇವನೇ ಬೇರೆ. ಆ್ಯಗರ್ ಚೆಂಡು ತಗೊಂಡು ಮುಂದೆ ನಡೀತಿದ್ದ, ಇವನು ಹಿಂದೆ ಬಾಗಿಲು ಹಾಕ್ತಿದ್ದ.

2012ರ ಫೆಬ್ರವರಿ 26, ಕಾರ್ಡಿಫ್ ವಿರುದ್ಧ ಲೀಗ್ ಕಪ್ ಫೈನಲ್. ನಾವು ಆಗ ಹಾಸ್ಟೆಲ್, ರಾತ್ರಿ ಒಂಬತ್ತೂವರೆಗೆ ಶುರು. ವಾರ್ಡನ್ ಹತ್ತಕ್ಕೆ ಟೀವಿ ರೂಮಿಗೆ ಬೀಗ ಹಾಕೋರು, ಅವತ್ತು ಅವರನ್ನೇ ಕೂರಿಸಿಕೊಂಡು ನೋಡಿದ್ವಿ. 0-1 ಹಿಂದೆ. ಅರವತ್ತನೇ ನಿಮಿಷ, ಸುವಾರೆಜ್ ಹೆಡರ್ ಕಂಬಕ್ಕೆ ಬಡಿದು ವಾಪಸ್ ಬಂತು, ಶ್ಕೃಟೆಲ್ ಕಾಲಿಗೆ. ಸ್ಟ್ರೈಕರ್ ಥರ ತಣ್ಣಗೆ ತಿರುಗಿ ಹೊಡೆದ. ಆಮೇಲೆ 2-2, ಪೆನಾಲ್ಟಿಯಲ್ಲಿ 3-2. ವಾರ್ಡನ್ ಕೇಳಿದ ಪ್ರಶ್ನೆ ನೆನಪಿದೆ: "ಗೋಲ್ ಹೊಡೆದ ಆ ಮೊಟ್ಟೆ ಗೋಲ್‌ಕೀಪರ್ರೇನ್ರೋ?"

ಎಂಟೂವರೆ ವರ್ಷದಲ್ಲಿ ಲಿವರ್‌ಪೂಲ್ ಜೊತೆ ಗೆದ್ದ ಕಪ್ ಅದೊಂದೇ.

ನೀಲಿ_ಅಂಗಿ
ಸರಿ, ಅದೇ ವರ್ಷದ ಆಗಸ್ಟ್ 26ನ್ನೂ ಹೇಳಿಬಿಡಿ. ಸಿಟಿ ಎದುರು ಮೊದಲು ಅದ್ಭುತ ಹೆಡರ್. 2-1 ಮುಂದಿದ್ದಾಗ, ಹತ್ತು ನಿಮಿಷ ಬಾಕಿ, ಹಿಂದೆ ನೋಡದೇ ಗೋಲ್‌ಕೀಪರ್ ಕಡೆ ಒಂದು ಪಾಸ್. ನೇರ ಟೆವೆಜ್ ಕಾಲಿಗೆ. 2-2. ನನ್ನ ತಕರಾರು ಓನ್ ಗೋಲ್ ಲೆಕ್ಕದ್ದಲ್ಲ, ಇಂಥದ್ದು. ಒಂದು ಪಂದ್ಯದ ನಾಯಕ ಮತ್ತು ಖಳನಾಯಕ ಇಬ್ಬರೂ ಒಬ್ಬನೇ ಆಗಿದ್ರೆ ಅಂಥವನನ್ನ ನಂಬಿ ಮ್ಯಾನೇಜರ್ ನಿದ್ದೆ ಮಾಡೋದು ಹೇಗೆ? 2013ರ ಜನವರಿಯಲ್ಲಿ ಓಲ್ಡಮ್ ಎದುರು ಎಫ್‌ಎ ಕಪ್ 3-2 ಸೋತಮೇಲೆ ರಾಜರ್ಸ್ ಇವನನ್ನ ಕೂರಿಸಿ 35 ದಾಟುತ್ತಿದ್ದ ಡಿಫೆಂಡರ್ ಕ್ಯಾರಗರ್‌ನ ವಾಪಸ್ ಕರೆದ್ರು. ಸುಮ್ಮನೆ ಕರೆದದ್ದಲ್ಲ.

ಹಿಂದಿನ_ಸಾಲು
ಆ ಬ್ಯಾಕ್ ಪಾಸ್‌ಗೆ ನನ್ನ ಹತ್ರ ಉತ್ತರ ಇಲ್ಲ. ಅದು ತಪ್ಪೇ, ತೀರಾ ಸೋಮಾರಿ ತಪ್ಪು. ಓನ್ ಗೋಲ್‌ಗೂ ಅದಕ್ಕೂ ಇರೋ ವ್ಯತ್ಯಾಸವೇ ನನ್ನ ವಾದ.

ಆದರೆ ಕೂರಿಸಿದಮೇಲಿನ ಕಥೆ ನೋಡಿ. 2013ರ ಸೆಪ್ಟೆಂಬರ್ 1, ಆ್ಯನ್‌ಫೀಲ್ಡ್‌ಗೆ ಮ್ಯಾಂಚೆಸ್ಟರ್ ಯುನೈಟೆಡ್. ಕೊಲೊ ಟೂರೆಗೆ ಗಾಯ, ಬೇರೆ ದಾರಿ ಇಲ್ಲದೆ ಇವನು. ಎದುರಿಗೆ ವಾನ್ ಪರ್ಸಿ. ಸ್ಟರಿಜ್ ಗೋಲ್, 1-0, ಹಿಂದೆ ಈ ಮನುಷ್ಯ ಬಂದದ್ದೆಲ್ಲ ತಲೆಯಲ್ಲೇ ಬಾರಿಸಿ ಆಚೆ ಕಳಿಸ್ತಿದ್ದ. ಅವತ್ತು ಸಿಕ್ಕ ಜಾಗವನ್ನ ಆ ಸೀಸನ್ ಪೂರ್ತಿ ಬಿಡಲಿಲ್ಲ. ನಾಲ್ಕು ಓನ್ ಗೋಲ್ ಬಂದದ್ದೂ ಅದಕ್ಕೇ. ಬೆಂಚ್ ಮೇಲೆ ಕೂತಿದ್ರೆ ಸೊನ್ನೆ ಇರ್ತಿತ್ತು.

ಗನ್ನರ್_ಗೌಡ
2014ರ ಡಿಸೆಂಬರ್ 21 ಯಾರೂ ಹೇಳಲಿಲ್ಲ, ನಾನೇ ಹೇಳಿಬಿಡ್ತೀನಿ, ಗಾಯಕ್ಕೆ ನಾನೇ ಉಪ್ಪು ಹಾಕಿಕೊಳ್ತೀನಿ. ಮತ್ತೆ ನಾವು, ಮತ್ತೆ ಆ್ಯನ್‌ಫೀಲ್ಡ್. ಇವನು ಬಿದ್ದಾಗ ನಮ್ಮ ಜಿರೂ ಕಾಲು ಅಕಸ್ಮಾತ್ ಇವನ ತಲೆ ಮೇಲೆ. ಬೋಳುತಲೆ ತಾನೇ, ಸ್ಟಡ್‌ನ ಗೆರೆ ಟೀವಿಯಲ್ಲಿ ಎದ್ದು ಕಾಣ್ತಿತ್ತು, ರಕ್ತ ಹಣೆವರೆಗೆ ಇಳಿದಿತ್ತು. ನೆತ್ತಿ ಸುತ್ತ ಬಿಳಿ ಪಟ್ಟಿ ಸುತ್ತಿದ್ರು, ನಮ್ಮೂರ ಮದುವೆಯಲ್ಲಿ ಪೇಟ ಕಟ್ಟಿದ ಹಾಗೆ. ಆ ಚಿಕಿತ್ಸೆಗೆ ಹೋದ ಸಮಯಕ್ಕೆ ಕೊನೆಯಲ್ಲಿ ಒಂಬತ್ತು ನಿಮಿಷ ಸೇರಿಸಿದ್ರು. ನಾವು 2-1 ಮುಂದೆ, ಅವರಲ್ಲಿ ಬೊರಿನಿಗೆ ರೆಡ್ ಕಾರ್ಡ್. 97ನೇ ನಿಮಿಷ, ಲಲಾನಾ ಕಾರ್ನರ್, ಓಡಿ ಬಂದು ಎಗರಿದ. ಯಾವ ತಲೆ ಒಡೆದಿತ್ತೋ ಅದೇ ತಲೆಯಲ್ಲಿ ಬಾರಿಸಿದ. 2-2.

ಅವನ ತಲೆ ಒಡೆದು ನಾವೇ ಅವನಿಗೆ ಆ ಹೆಚ್ಚುವರಿ ಸಮಯ ಕೊಟ್ಟಿದ್ದು. ಯೋಚನೆ ಮಾಡಿದಷ್ಟೂ ಹೊಟ್ಟೆ ಉರಿಯುತ್ತೆ.

ಕಡಲ_ಗೋಲಿ
ಮೂರು ತಿಂಗಳಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಗೋಲ್‌ಕೀಪರ್ ಡಿ ಹೆಯಾನ ಕಾಲು ತುಳಿದು ಮೂರು ಪಂದ್ಯ ನಿಷೇಧ. ತಲೆಯ ಲೆಕ್ಕ ಕಾಲಿಗೆ ಚುಕ್ತಾ ಮಾಡಿದ್ದು ಕಾಣ್ತದೆ, ಪಾಪ ತಪ್ಪು ತಂಡದವನಿಗೆ.

ಮಳೆಗಾಲದ_ಮೈದಾನ
ಕ್ಲಾಪ್ ಕಾಲದ್ದೂ ಒಂದು ಮಾತು, ನ್ಯಾಯವಾಗಿ. 2016ರ ಮಾರ್ಚ್‌ನಲ್ಲಿ ಸೌತಾಂಪ್ಟನ್ ಹತ್ರ 2-0 ಮುಂದಿದ್ದಾಗ, ವಿರಾಮಕ್ಕೆ ಲೊವ್ರೆನ್ ಬದಲು ಇವನನ್ನ ಇಳಿಸಿದ್ರು. ಬಂದ ಸ್ವಲ್ಪ ಹೊತ್ತಿಗೇ ಪೆನಾಲ್ಟಿ ಕೊಟ್ಟ, ಮಾನೆ ಹೊಡೆದದ್ದನ್ನ ಮಿನ್ಯೊಲೆ ತಡೆದ್ರು. ಆದರೂ 3-2 ಸೋತ್ವಿ. ಕ್ಲಾಪ್‌ಗೆ ಬೇಕಾದದ್ದು ಮೈದಾನದ ಅರ್ಧದವರೆಗೆ ಮುಂದೆ ಬಂದು ನಿಲ್ಲೋ ಡಿಫೆಂಡರ್. ಇವನು ಗಾಬರಿಯಾದ್ರೆ ಹಿಂದೆ ಹಿಂದೆ ಸರಿದು ಬಾಕ್ಸ್‌ನೊಳಗೆ ಹೋಗಿ ನಿಲ್ಲೋನು. ಅಲ್ಲಿಗೆ ಅವನ ಕಾಲ ಮುಗಿದಿತ್ತು.

ಕಾಪ್_ಕಟ್ಟೆ
ಆಮೇಲಿನದ್ದು ಬೇಗ ಹೇಳಿಬಿಡ್ತೀನಿ. ಟರ್ಕಿಯ ಫೆನರ್‌ಬಾಚೆಯಲ್ಲಿ ಮೂರು ವರ್ಷ, ಕಪ್ ಇಲ್ಲ. 2019ರಲ್ಲಿ ಇಟಲಿಯ ಅಟಲಾಂಟಾಕ್ಕೆ ಸಹಿ ಹಾಕಿ, ಒಂದೂ ಪಂದ್ಯ ಆಡದೆ ಒಂದು ತಿಂಗಳೊಳಗೆ ಬಿಟ್ಟು ಇಸ್ತಾಂಬುಲ್ ಬಾಷಾಕ್‌ಷೆಹಿರ್ ಸೇರಿದ. ಎಲ್ಲರೂ ನಕ್ಕರು. ಅದೇ ಸೀಸನ್‌ನಲ್ಲಿ ಬಾಷಾಕ್‌ಷೆಹಿರ್ ತನ್ನ ಇತಿಹಾಸದಲ್ಲೇ ಮೊದಲ ಸಲ ಟರ್ಕಿಯ ಲೀಗ್ ಗೆದ್ದಿತು. ಗೆದ್ದ ಬೆನ್ನಿಗೇ, 2020ರ ಆಗಸ್ಟ್‌ನಲ್ಲಿ, ಹಿಮ್ಮಡಿಯ ಅಕಿಲಿಸ್ ಹರಿದುಕೊಂಡ. ಊರಿಗೆ ವಾಪಸ್, ಸ್ಪಾರ್ಟಕ್ ಟೃನಾವಾ. 2022ರಲ್ಲಿ ಆ ತಂಡ ಸ್ಲೊವಾಕ್ ಕಪ್ ಗೆದ್ದಾಗ ಬೂಟು ಕಳಚಿಟ್ಟ.

ಧಾರವಾಡ_ಫೇಡೆ
ದೇಶದ ಆಟ ಬಿಟ್ರಲ್ಲೋ. ಸ್ಲೊವಾಕಿಯಾದ ಪರ 104 ಮ್ಯಾಚ್. ಐವತ್ತ ಲಕ್ಷ ಮಂದಿ ಇರೋ ದೇಶ, ನಮ್ಮ ಬೆಂಗಳೂರಿನ ಅರ್ಧಾನೂ ಇಲ್ಲ. 2009ರ ಅಕ್ಟೋಬರ್‌ದಾಗ ಪೋಲಂಡಿನ ಹೊರ್‌ಜೂಫ್‌ನ್ಯಾಗ ಹಿಮದಾಗ ಆಡಿ 1-0 ಗೆದ್ದು ಮೊದಲ ಸಲ ವಿಶ್ವಕಪ್ಪಿಗೆ ಹೋದ್ರು. ಮತ್ತ ಆ ಒಂದ ಗೋಲ್ ಏನ ಗೊತ್ತೇನ್ರಿ? ಪೋಲಂಡಿನ ಡಿಫೆಂಡರಂದ ಓನ್ ಗೋಲ್! ಗಾನ್‌ಚಾರ್‌ಚಿಕ್ ಅಂತ. ಒಬ್ಬ ಡಿಫೆಂಡರನ ಓನ್ ಗೋಲಿನ ಮ್ಯಾಲ ಇಡೀ ದೇಶ ಆಫ್ರಿಕಾಕ್ಕ ಹೋತು, ನೀವಿಲ್ಲಿ ಓನ್ ಗೋಲಿಗೆ ಬೈಯಾಕತ್ತೀರಿ.

ಗನ್ನರ್_ಗೌಡ
ಈಗಿನ ಹುಡುಗರಿಗೆ ಸ್ಲೊವಾಕ್ ಡಿಫೆಂಡರ್ ಅಂದ್ರೆ ಷ್ಕ್ರಿನಿಯಾರ್. ಇಂಟರ್ ಜೊತೆ 2020-21ರ ಇಟಲಿ ಲೀಗ್ ಗೆದ್ದವನು. ಅಲ್ಲಿ ಅವನ ಬೆನ್ನ ಮೇಲಿದ್ದದ್ದೂ 37, ಲಿವರ್‌ಪೂಲ್‌ನಲ್ಲಿ ಇವನ ಬೆನ್ನ ಮೇಲಿದ್ದದ್ದೂ 37. ಅವನು ಇವನಿಗಿಂತ ಮೇಲು ಅಂತ ನನ್ನ ಲೆಕ್ಕ. ಕಾಲಲ್ಲಿ ಚೆಂಡಿದ್ರೆ ಗಾಬರಿ ಬೀಳಲ್ಲ.

ಮಳೆಗಾಲದ_ಮೈದಾನ
ಒಪ್ತೀನಿ. ಆದರೆ ತಲೆ ಒಡೆದುಕೊಂಡು 97ನೇ ನಿಮಿಷಕ್ಕೆ ಎಗರಿದ್ದು ಅವನಲ್ಲ.

ನೀಲಿ_ಅಂಗಿ
ಒಂದು ಪ್ರಶ್ನೆ ಬಾಕಿ ಇದೆ ನನ್ನದು. ಎಲ್ಲಿ ನಿಂತಿದ್ದನೋ ಅಲ್ಲಿರೋದೇ ಅವನ ಕೆಲಸ ಅಂತೀರಿ. ಹಾಗಾದ್ರೆ ಅಲ್ಲಿ ನಿಂತು ಉಳಿಸಿದ್ದು ಎಷ್ಟು? ಓನ್ ಗೋಲ್‌ಗೆ ಲೆಕ್ಕ ಇದೆ, ಆಗದೇ ಹೋದ ಗೋಲ್‌ಗೆ ಒಂದಾದ್ರೂ ಉದಾಹರಣೆ ಕೊಡಿ. ಹೆಡರ್ ಬಾರಿಸಿದ ಕಥೆ ಬೇಡ.

ಹಿಂದಿನ_ಸಾಲು
ಕೊಡ್ತೀನಿ. ಇದಕ್ಕೇ ಕಾಯ್ತಿದ್ದೆ.

2010ರ ಜೂನ್ 24, ಜೋಹಾನ್ಸ್‌ಬರ್ಗ್‌ನ ಎಲ್ಲಿಸ್ ಪಾರ್ಕ್. ನಮಗೆ ಸಂಜೆ ಏಳೂವರೆ. ಇಟಲಿ ಹಾಲಿ ವಿಶ್ವ ಚಾಂಪಿಯನ್. ಸ್ಲೊವಾಕಿಯಾಕ್ಕೆ ಮೊದಲ ವಿಶ್ವಕಪ್. ನ್ಯೂಜಿಲೆಂಡ್ ಹತ್ರ ಕೊನೇ ಗಳಿಗೆಯಲ್ಲಿ 1-1, ಪರಾಗ್ವೆ ಹತ್ರ 0-2. ಗೆದ್ರೆ ಮಾತ್ರ ಉಳಿವು. ಶ್ಕೃಟೆಲ್‌ಗೆ ಫೆಬ್ರವರಿಯಲ್ಲಿ ಯುರೋಪಾ ಲೀಗ್ ಆಡುವಾಗ ಪಾದದ ಮೂಳೆ ಮುರಿದಿತ್ತು, ಸೀಸನ್‌ನ ಉಳಿದ ಭಾಗ ಹೆಚ್ಚುಕಮ್ಮಿ ಹೊರಗೇ ಇದ್ದ.

ವಿಟ್ಟೆಕ್ ಗೋಲ್, 1-0. ಎರಡನೇ ಅರ್ಧ. ಚೆಂಡು ಬಾಕ್ಸ್‌ನಲ್ಲಿ ಬಿತ್ತು, ಕ್ವಾಲ್ಯರೆಲ್ಲಾ ಎತ್ತಿ ಬಾರಿಸಿದ. ಗೋಲ್‌ಕೀಪರ್ ದಾಟಿ ಹೋಗಿತ್ತು. ಗೆರೆ ಮೇಲೆ ಒಬ್ಬನೇ ಒಬ್ಬ, ಇವನು. ಕಾಲು ಎತ್ತೋಕೂ ಸಮಯ ಇಲ್ಲ, ಮೊಣಕಾಲಿಗೆ ಬಡಿದು ಚೆಂಡು ಆಚೆ ಹಾರಿತು. ಅಲ್ಲಿ 1-1 ಆಗಿದ್ರೆ ಇಟಲಿ ಆ ಪಂದ್ಯ ಬಿಡ್ತಿರಲಿಲ್ಲ ಅಂತ ನನ್ನ ನಂಬಿಕೆ. ಆಮೇಲೆ ವಿಟ್ಟೆಕ್ ಇನ್ನೊಂದು, ಡಿ ನತಾಲೆ ಒಂದು, ಕೊಪೂನೆಕ್ ಒಂದು, ಕೊನೆಗೆ ಕ್ವಾಲ್ಯರೆಲ್ಲಾನದ್ದೇ ಒಂದು ಚಂದದ ಚಿಪ್. 3-2. ಚಾಂಪಿಯನ್‌ಗಳು ಗುಂಪಿನಲ್ಲಿ ಕೊನೇ ಸ್ಥಾನ, ಮನೆಗೆ.

ಈಗ ಆ ಮೊಣಕಾಲು ನೋಡಿ, ಹಲ್ ಪಂದ್ಯ ನೋಡಿ. ಎರಡು ಕಡೆಯೂ ಬೇರೊಬ್ಬ ಹೊಡೆದ ಚೆಂಡು ಇವನ ಮೈಗೆ ಬಡಿದದ್ದು. ಒಂದು ಕಡೆ ಚೆಂಡು ಹೊರಗೆ ಸಿಡೀತು, ಇನ್ನೊಂದು ಕಡೆ ಒಳಗೆ. ಅವನು ಮಾಡಿದ್ದು ಎರಡು ಕಡೆಯೂ ಒಂದೇ ಕೆಲಸ.

ನೀಲಿ_ಅಂಗಿ
ಸರಿ, ಪಟ್ಟಿಯಿಂದ ತೆಗೆಯಿರಿ ಅವನನ್ನ. ಆದರೆ ಆ ಚೆಂಡು ಗೆರೆ ದಾಟಿತ್ತು ಅಂತ ಇಟಲಿಯವರು ಇವತ್ತಿಗೂ ಹೇಳ್ತಾರೆ.

ಹಿಂದಿನ_ಸಾಲು
ಆಗ ಗೋಲ್ ಲೈನ್ ತಂತ್ರಜ್ಞಾನ ಇರಲಿಲ್ಲ. ಮೂರೇ ದಿನಕ್ಕೆ ಇಂಗ್ಲೆಂಡಿನ ಲ್ಯಾಂಪಾರ್ಡ್ ಹೊಡೆದದ್ದು ಗೆರೆಯಿಂದ ಅಷ್ಟು ಒಳಗೆ ಬಿದ್ದರೂ ಕೊಡಲಿಲ್ಲ. ನಿನ್ನೆ ರಾತ್ರಿ ಆ ಮೊಣಕಾಲಿನ ತುಣುಕನ್ನ ಮೊಬೈಲ್‌ನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಚೆಂಡಿನ ಮುಕ್ಕಾಲು ಭಾಗ ಒಳಗಿದ್ದ ಹಾಗೆ ಕಾಣುತ್ತೆ, ಉಳಿದದ್ದು ಅವನ ಬಿಳಿ ಸಾಕ್ಸ್‌ನ ಹಿಂದೆ ಮರೆಯಾಗಿದೆ.

ಧಾರವಾಡ_ಫೇಡೆ
ಸಾಕ್ಸ್ ಬಿಳೀವ ಅದಾವಲ್ಲ, ನೋಡ್ರಿ ಮತ್ತ. ಲೈನೂ ಬಿಳೀದ.

ಕಡಲ_ಗೋಲಿ
ಸಾಕ್ಸ್ ಎಳೆದು ಮೇಲೆ ಮಾಡಿದ್ದು ಸಹ ಇವನೇ ಇರ್ಬೇಕು. ಎಳೆಯುದು ಅಭ್ಯಾಸ ಉಂಟಲ್ಲ.